ಋಣದ ತುದಿ

ದಿನಾ ನಾಕನೂರು ಕಿಲೋಮೀಟರ್ ಬಸ್ ಹೊಡಿಯೋ ಮನಶ್ಯಾ
ರಜಾ ದಿವಸ ಸ್ಟೇರಿಂಗ್ ಹಿಡಿ ಅಂದ್ರ ಹೆಂಗ ಹಿಡಿದಾನು?
ಪೇಢೆ ಅಂಗಡಿಯವಗ ಪೇಢೆ ತಿನಸಿದಂಗ ಆಗತೈತಿ.
ಹಿಂಗಾಗಿ ನಮ್ಮ ಗಾಡಿ
ನವನಗರದ ಮೂವತ್ತೆರಡನೇ ಸೆಕ್ಟರಿನ್ಯಾಗ
ಬೇವಿನ ಗಿಡದ ಬುಡಕ, ಹಳೇ ಜಮಖಾನಿ ಹೊದ್ದು
ಮಲಗಿದ್ದು ಮಲಗೇ ಇತ್ತು.

ಹೋದ ದೀಪಾವಳಿಗೆ ಪೂಜಿ ಮಾಡಿ ಕೀಲಿ ತಿರುವಿದ್ರ
ಟಕ್ ಅಂತು. ಮತ್ತೊಮ್ಮೆ ಟಕ್.
ಆಮ್ಯಾಲ ಅದೂ ಇಲ್ಲ.
ಹಾರನ್ ಒತ್ತಿದ್ರ ನೆಗಡಿಯಾದ ಬೆಕ್ಕು.
ಗಾಲಿ ಬುಡಕಿಟ್ಟ ಲಿಂಬಿಹಣ್ಣು ನಾಕೂ ಇಡಿಯಾಗಿ ಉಳದು
ಸಂಜಿಗೆ ಪಾನಕ ಆದವು.

ಡಿಪೋದ ಮುಕ್ತುಮಸಾಬ ಬಂದು ಬಾನೆಟ್ ಎತ್ತಿದ.
ಬ್ಯಾಟರಿ ತುದಿಗೆ ನೀಲಿ ಹಸರು ಉಪ್ಪು ಹೂ ಬಿಟ್ಟಿತ್ತು,
ಹಿನ್ನೀರು ಬರೂ ಮುಂಚೆ ನಮ್ಮಪ್ಪನ ಮನಿ ಗ್ವಾಡಿಗೆ
ಸವಳು ಏರಿತ್ತಲ್ಲ, ಹಂಗ.
'ಅಕ್ಕಾರ, ಗಾಡಿ ನಿಂತಿರತೈತಿ ಖರೆ,
ಒಳಗಿನ ಗಡಿಯಾರ ನಿಂತಿರಂಗಿಲ್ಲ.
ಹನಿ ಹನಿ ಕುಡೀತಾನೇ ಇರತೈತಿ.
ಎಂಟು ದಿನಕ್ಕೊಮ್ಮೆ ಚಾಲೂ ಮಾಡ್ರಿ,
ಇಲ್ಲಂದ್ರ ವೈರ್ ಬಿಚ್ಚಿ ಇಡ್ರಿ. ಮೊದಲ ಕರೇದು.'

ಕರೇದು ಅಂದ್ರ ಮೈನಸ್.
ಮೈನಸ್ ಅಂದ್ರ ಹೈಸ್ಕೂಲಿನ್ಯಾಗ ವಿಜ್ಞಾನದ ಬಾಯಾರು
ಬೋರ್ಡಿನ ಮ್ಯಾಲ ಬರದದ್ದು:
ಒಂದು ತುದಿ ಧನ, ಒಂದು ತುದಿ ಋಣ.
ಧನ ನನಗ ಅವತ್ತೂ ತಿಳೀಲಿಲ್ಲ, ಇವತ್ತೂ ಇಲ್ಲ.
ಋಣ ತಿಳೀತೈತಿ.

ಈ ಗಾಡಿ ಬಂದದ್ದು ಮುಳುಗಡಿ ರೊಕ್ಕದಾಗ.
ಮನಿ ನೀರಾಗ ಹೋಗಿ ಹದಿನೇಳು ವರ್ಷಕ್ಕ
ಕೋರ್ಟಿನಿಂದ ಹೆಚ್ಚಿನ ಪರಿಹಾರ ಬಂತು.
ನನ್ನ ಪಾಲಿನ ಎರಡು ಅಂಕಣ, ಅರ್ಧ ಪಡಸಾಲಿ, ಒಂದು ಹಗೇವು
ಎಲ್ಲಾ ಕೂಡಿ ಒಂದು ಬಿಳೇ ಆಲ್ಟೋ.
ಡಿಕ್ಕಿ ತಗದ್ರ ಈಗೂ ಹಗೇವಿನ ತಂಪು ವಾಸನಿ
ನನಗಷ್ಟ ಬರತೈತಿ.

ಹತ್ತು ನಂಬರಿನ ಪಾನಾ ಹಿಡದು ನಿಂತೆ.
ಋಣದ ನಟ್ಟು ಅರ್ಧ ಸುತ್ತು ತಿರುವಿ
ಮತ್ತ ಬಿಗಿ ಮಾಡಿದೆ.

ಅವತ್ತಿಂದ ಐತವಾರ ಐತವಾರ
ರೊಟ್ಟಿ ಬಡದಾದ ಮ್ಯಾಲ, ಕೈಗೆ ಹಿಟ್ಟಿದ್ದಂಗ
ಜಮಖಾನಿ ಸರಿಸಿ ಒಳಗ ಕುಂದರತೀನಿ.
ಬಿಸಿನೀರಾಗ ಸೋಡಾ ಕದಡಿ ಉಪ್ಪು ತೊಳದೀನಿ,
ಹಿಮ್ಮಡಕ್ಕ ಹಚ್ಚೂ ವ್ಯಾಸಲೀನ್ ತುದಿಗೂ ಹಚ್ಚೀನಿ.
ಕೀಲಿ ತಿರುವಿದ್ರ ಬ್ಯಾಟರಿ ಚಿತ್ರದ ಕೆಂಪು ದೀಪ
ನನ್ನ ಮಾರಿ ನೋಡಿ ಆರತೈತಿ.
ಇಪ್ಪತ್ತು ಮಿನಿಟು. ರೇಡಿಯೋ ಇಲ್ಲ, ಲೈಟಿಲ್ಲ, ಫ್ಯಾನಿಲ್ಲ,
ಗಳಿಸಿದ್ದು ಗಳಿಸಿದಂಗ ಉಳೀಲಿ ಅಂತ.
'ಎಲ್ಲಿ ಹೊಂಟ್ರಿ ವೈನೀ?' ಅಂತಾಳ ಬಾಜೂ ಮನಿ ಪಾರು.
'ಎಲ್ಲೂ ಇಲ್ಲ' ಅಂತೀನಿ, ಇನ್ನೊಂದೀಟು ರೇಸ್ ಮಾಡಿ.

ಒಳಗ ಮಂಚದ ಮ್ಯಾಲ ಇವರು,
ಹುಬ್ಬಳ್ಳಿ ರಾತ್ರಿಪಾಳಿ ಮುಗಿಸಿ ಬಂದ ನಿದ್ದಿ.
ನಿದ್ದಿಯೊಳಗೂ ಎಡಗಾಲು ಕ್ಲಚ್ ತುಳೀತಿರತೈತಿ, ಕಂಡೀನಿ.

ಹೋದ ತಿಂಗಳು ಮುಕ್ತುಮಸಾಬ ಅಂದ:
'ನಿಂತಲ್ಲೇ ಉರಿಸಿದ್ರ ಅದರ ಹೊಟ್ಟಿ ತುಂಬಂಗಿಲ್ಲ, ಅಕ್ಕಾರ.
ಓಡಬೇಕು. ಹತ್ತು ಹನ್ನೆರಡು ಕಿಲೋಮೀಟರಾದ್ರೂ ಓಡಬೇಕು.'
ಲೈಸೆನ್ಸ್ ತಗೊಂಡೆ. ಯಾರಿಗೂ ಹೇಳಿಲ್ಲ, ಪಾರೂನ್ನ ಬಿಟ್ರ.
ಅಂದ್ರ ಇಡೀ ಸೆಕ್ಟರಿಗೆ ಗೊತ್ತು.

ಇವತ್ತು ನಸುಕಿನ್ಯಾಗ ಗೇಟು ತಗದೆ.
ಎರಡನೇ ಗೇರಿನ್ಯಾಗೇ ಹಳೇ ಊರಿನ ಕಡೆ ಹೊಡದೆ.
ಅಲ್ಲಿ ಡಾಂಬರು ರಸ್ತಾ ಸೀದಾ ಹೋಗಿ ಹಿನ್ನೀರಾಗ ಇಳೀತೈತಿ,
ಎಮ್ಮಿ ಇಳಿದಂಗ, ಏನೂ ಸಂಶೇ ಇಲ್ಲದ.
ಹತ್ತು ಮಾರು ಈಚಿಗೆ ನಿಂತೆ. ಎಂಜಿನ್ ಆರಿಸಲಿಲ್ಲ,
ಆರಿಸಿದ್ರ ಮತ್ತ ಹತ್ತತೈತೋ ಇಲ್ಲೋ ಅಂತ ಅಂಜಿ.
ಬಾನೆಟ್ ಸಣ್ಣಗ ನಡಗತಿತ್ತು.
ನೀರಾಚೆ ಎಲ್ಲೋ ನಮ್ಮ ಓಣಿ. ಬೊಟ್ಟು ಮಾಡಿ ತೋರಸಾಕ ಬರಂಗಿಲ್ಲ.

ಫೋನ್ ಬಂತು. ಎಲ್ಲಿ ಅದೀ ಅಂತ ಕೇಳಲಿಲ್ಲ ಇವರು.
'ಅಲ್ಲಿ ತಿರುವಾಕ ಜಾಗಾ ಇಲ್ಲ, ರಿವರ್ಸ್ ತಗೀಬೇಕು.
ಕನ್ನಡಿ ನಂಬಬ್ಯಾಡ, ಕುತ್ತಿಗಿ ತಿರುವಿ ನೋಡು' ಅಂದ್ರು.
ಆಮ್ಯಾಲ ಕಂಡಕ್ಟರನ ದನಿ ಮಾಡಿ
'ಬರ್ಲಿ... ಬರ್ಲಿ... ಬರ್ಲಿ.'

ಕುತ್ತಿಗಿ ತಿರುವಿದೆ.
ಹಿಂದಿನ ಗಾಜಿನ ತುಂಬ ನವನಗರ.
ಬೆಳಕು ಹರದು ಅರ್ಧ ತಾಸಾಗಿತ್ತು,
ಬೀದಿದೀಪ ಇನ್ನೂ ಯಾರೂ ಆರಿಸಿರಲಿಲ್ಲ.