ಹಣಿಗಿ

ಮಗ್ಗದ ಕುಣಿ ಮುಚ್ಚಿದ ದಿನ
ಎಂಟು ಬುಟ್ಟಿ ಗರಸು ಸಾಕಾತು.
ಆಳುದ್ದ ಐತಿ ಅಂದ್ಕೊಂಡಿದ್ವಿ, ತೊಡಿಮಟ ಅಷ್ಟ ಇತ್ತು.
ಅಷ್ಟರೊಳಗ ಕಾಲು ಇಳಿಬಿಟ್ಟು
ನಮ್ಮತ್ತಿ ಹಂಪವ್ವ ನಾಲ್ವತ್ತು ವರ್ಷ ಕುಂತಿದ್ಲು.

ಗರಸಿನ ಮ್ಯಾಲ ಸಿಮಿಟು. ಸಿಮಿಟಿನ ಮ್ಯಾಲ ಚೀಲ.
ಚೀಲದ ತುಂಬ ಕೂದಲ,
ಯಾರ್ಯಾರದೋ, ಯಾವ್ಯಾವ ಊರಿಂದೋ.
ಬಾಗಲಾಗ ನಿಂತು ಸ್ಟೀಲ್ ಡಬ್ಬಿ ತೋರಿಸಿ,
ಪಿನ್ನು ತೋರಿಸಿ, ಬಲೂನು ಊದಿ
ತೂಕ ಮಾಡಿ ತಂದ ಉದುರುಗೂದಲ,
ಉಂಡಿ ಉಂಡಿ, ಗುಬ್ಬಿ ಗೂಡಿನಂಗ.

ಭಾಗ್ಯನಗರದಾಗ ಈಗ ಓಣಿ ಓಣಿಗೂ ಇದ ಕೆಲಸ.
ಸೀರಿ ನೇದ ಕೈ ಸಿಕ್ಕು ಬಿಡಿಸ್ತಾವ.
ಇಂಚಿನ ಮ್ಯಾಲ ದರ:
ಆರಕ್ಕ ಒಂದು, ಹತ್ತಕ್ಕ ಒಂದು,
ಹದಿನೆಂಟು ದಾಟಿದ್ರ
ಮಾಲಕ ತಾನ ಎದ್ದು ಚಾ ಹೇಳ್ತಾನ.

ಅತ್ತಿ ಒಂದು ತಿಂಗಳು ಹಿತ್ತಲದಾಗ ಉಂಡ್ಲು.
"ಮುತ್ತೈದೇರು ಉಡೋ ಸೀರಿ ಮಗ್ಗ ಇಳಿದ ಜಾಗದಾಗ
ಕಂಡೋರ ತಲಿ ತಂದು ಸುರುವಿದ್ರ್ಯಲ್ಲ!
ಅನ್ನದಾಗ ಒಂದೆಳಿ ಬಂದ್ರ ಜಗಳ ಅಂತಾರ,
ನೀವು ಚೀಲಗಟ್ಟಲೆ ತಂದೀರಿ."
ನಾನೇನೂ ಅನ್ಲಿಲ್ಲ.
ಅನ್ನಾಕ ಮಾತಿರಲಿಲ್ಲ ಅಂತಲ್ಲ,
ಮೂಗು ಬಾಯಿಗೆ ಬಟ್ಟಿ ಕಟ್ಟಿದ್ದೆ.

ಮೊದಮೊದಲು ಕನಸಿನಾಗ ಹೆಂಗಸ್ರು ಬರ್ತಿದ್ರು,
ಬೆನ್ನು ತಿರುವಿ ನಿಂತವ್ರು.
ಯಾವಾಗ ತಿರುಗಿ ನೋಡ್ತಾರೋ ಅಂತ ನಾ ಕಾಯೋದು.
ಬಾಜೂಕ ಕುಂಡ್ರೋ ಹುಸೇನಬಿಗೆ ಹೇಳಿದ್ರ
"ನನ್ನ ಕನಸಿಗೂ ಬರ್ತಾರವ್ವ,
ಎಣ್ಣಿ ಕೇಳ್ತಾರ" ಅಂತ ನಕ್ಕಳು.

ಒಂದಿನ ಮಧ್ಯಾಹ್ನ ಕರೆಂಟಿರಲಿಲ್ಲ.
ಉಂಡಿಯೊಂದು ಬಿಡವೊಲ್ದು. ಜಗ್ಗಿದೆ. ಹರೀತು. ಮತ್ತ ಜಗ್ಗಿದೆ.
ಹೊಸ್ತಿಲದಾಚಿಂದ ಅತ್ತಿ:
"ಏ ಹುಚ್ಚಿ, ಎಳಿ ಅಂದ್ರ ಎಳಿಯೋದಲ್ಲ."
ಎದ್ದು ಬಂದ್ಲು. ಕುಣಿ ಇದ್ದಲ್ಲೇ ಕುಂತ್ಲು,
ಗೊತ್ತಿದ್ದೋ ಗೊತ್ತಿಲ್ಲದೋ.
ಉಂಡಿ ಅಂಗೈಯಾಗಿಟ್ಟು ಬೆಳಕಿಗೆ ಹಿಡಿದ್ಲು,
ಹಾಸು ಹರಿದಾಗ ತುದಿ ಹುಡುಕತಿದ್ದಳಲ್ಲ, ಹಂಗ.
ನಡುವಿಂದಲ್ಲ, ಅಂಚಿನಿಂದ,
ಒಂದು, ಇನ್ನೊಂದು,
ಸಡಿಲ ಬಿಟ್ಟು, ಉಸುರು ತಗೊಂಡು, ಮತ್ತೊಂದು.

ಮೊಳಿ ಬಡಿದ ಹಲಗಿ ಮುಂದಿಟ್ಟೆ.
"ಇದಕ್ಕೇನಂತೀರಿ?"
"ಹಣಿಗಿ."
"ಅದಕ್ಕೂ ನಾವು ಹಣಿಗೀನ ಅಂತಿದ್ವಿ" ಅಂದು
ಗ್ವಾಡಿ ಕಡೆ ನೋಡಿದ್ಲು. ಅಲ್ಲಿ ಮಗ್ಗದ ಹಣಿಗಿ ತೂಗಾಡತೈತಿ,
ಮಗಳ ಸಾಲಿ ಟೈಮ್‌ಟೇಬಲ್ಲು ಅದಕ್ಕ ಸಿಗಿಸೇವಿ.
ಆಮ್ಯಾಲ ಮಾತಾಡ್ಲಿಲ್ಲ.
ಬಲಗಾಲಿನ ಹೆಬ್ಬಟ್ಟು ಮಾತ್ರ
ಸಿಮಿಟು ತುಳೀತಿತ್ತು. ಟಪ್. ಬಿಟ್ಟು, ಟಪ್.

ಎಲ್ಲಾ ಸರಿಹೋತು ಅಂತ ಹೇಳಾಂಗಿಲ್ಲ.
ಧೂಳು ಎದಿಯಾಗ ಕುಂಡರತೈತಿ.
ಹಬ್ಬಕ್ಕ ಪವರ್‌ಲೂಮ್ ಸೀರಿ ತಂದ್ರ
ಸೆರಗು ಬೆಳಕಿಗೆ ಹಿಡಿದು ಅತ್ತಿ ಮುಖ ಸಿಂಡರಿಸ್ತಾಳ.
ನಮ್ಮನಿಯವ್ರು ಈಗ ರೈಲ್ವೆ ಸ್ಟೇಷನ್ನಿಂದ
ಗವಿಮಠದ ತನಕ ಆಟೋ ಹೊಡೀತಾರ;
ರಾತ್ರಿ ಲಾಳಿ ಸಪ್ಪಳಿಲ್ಲಂದ್ರ ಅವ್ರಿಗೆ ನಿದ್ದಿ ಬರವೊಲ್ದು.
ಮೊನ್ನಿ ಫ್ಯಾನು ಕಟಕಟ ಅನ್ನಾಕ ಹತ್ತಿತು.
ನಾ ಸ್ಟೂಲು ತಂದೆ, ಎಣ್ಣಿ ಬಿಡಾಕ.
"ಇರ್ಲಿ ಬಿಡು" ಅಂದ್ರು, ಕಣ್ಣು ಮುಚ್ಚಿಕೊಂಡ.

ನಿನ್ನೆ ಅತ್ತಿ ತಲಿ ಬಾಚಿದೆ.
ಹಣಿಗ್ಯಾಗ ಉಳಿದದ್ದು ಬೆರಳಿಗೆ ಸುತ್ತಿ
ಥೂ ಅಂದು ಒಗಿಯಾಕ ಎದ್ರ
ಕೈ ಹಿಡಿದ್ಲು: "ತೂಗು."
"ನಾಕಿಂಚಿಲ್ಲ ಅತ್ತಿ, ಬೆಳ್ಳಗದಾವ. ಇದಕ್ಕ ದರ ಇಲ್ಲ."
"ಇಲ್ಲದಿದ್ರ ಇಲ್ಲ. ಚೀಲಕ್ಕ ಹಾಕು.
ನಾನೂ ಒಂದಿಷ್ಟು ಊರು ನೋಡಿ ಬರ್ತೀನಿ."