ಕೋರಿಕೆ ನಿಲುಗಡೆ

ಮೂವತ್ತೊಂದು ವರ್ಷ ಈ ದಾರಿಯಲ್ಲೇ ಬಸ್ಸು ಓಡಿಸಿದವನು
ಇವತ್ತು ಹಿಂದಿನ ಸೀಟಿನಲ್ಲಿ, ಮೊಮ್ಮಗನ ಪಕ್ಕ,
ಬಲಗಾಲಲ್ಲಿ ಇಲ್ಲದ ಬ್ರೇಕು ಒತ್ತುತ್ತ ಕೂತಿದ್ದಾನೆ.
ಸ್ಟಿಯರಿಂಗು ನನ್ನ ಕೈಲಿ. ಕಾರು ಭಾವನದು, ಎರವಲು.

'ಹಂಪು' ಅನ್ನುತ್ತಾನೆ, ಹಂಪು ಕಾಣುವ ಮೊದಲೇ.
'ಎಡಕ್ಕೆ ಹಿಡಿ, ಎಮ್ಮೆ ಬರ್ತವೆ.'
ಎಮ್ಮೆ ಬರುವುದಿಲ್ಲ. ಎಮ್ಮೆ ಬರುತ್ತಿದ್ದಲ್ಲಿ
ಸಿಮೆಂಟಿನ ಜಿರಾಫೆಯೊಂದು ಕತ್ತು ಚಾಚಿ
ಡಾಬಾದ ಊಟಕ್ಕೆ ಕರೆಯುತ್ತಿದೆ.
ಅದರ ಕಾಲ ಸಂದಿಯಲ್ಲಿ ನಿಂತು ಚಿರಂತನಿಗೆ ಫೋಟೋ ಆಗಲೇಬೇಕು.
ಆಯಿತು. ಹೊಟ್ಟೆ ಬಿರಿದು ಒಳಗಿನ ಕಂಬಿ ಕಾಣುತ್ತಿತ್ತು,
ಫೋಟೋದಲ್ಲಿ ಕಾಣಲಿಲ್ಲ.

ಬೆಳಿಗ್ಗೆ ಕೋಲಾರಮ್ಮನ ಗುಡಿಯಲ್ಲೂ ಹಾಗೇ,
ಚೇಳಮ್ಮನ ನೆಲದ ಹುಂಡಿಗೆ ನಾಣ್ಯ ಹಾಕಿ
ಕಿವಿ ಕೊಟ್ಟು ಕಾದ ಹುಡುಗ. ಸದ್ದೇ ಬರಲಿಲ್ಲ.
'ಟಿಕೆಟ್ ಹಿಂದೆ ಬರೆದ ಚಿಲ್ಲರೆ ಕಣೋ ಅದು,
ಇಳಿಯೋವಾಗ ಕೇಳು' ಅಂದ ಅಪ್ಪ.
ಕೈ ಮಾತ್ರ ಮುಗಿದೇ ಇತ್ತು.

ಊರೂರಿನ ಬೋರ್ಡು ಅವನಿಗೆ ಬಾಯಿಪಾಠ:
ಆವಣಿಗೆ ಎಷ್ಟು ಕಿಲೋಮೀಟರು, ಕುರುಡುಮಲೆಗೆಷ್ಟು,
ಯಾವ ಬಾಣದ ಬಣ್ಣ ಯಾವ ಮಳೆಗೆ ಉದುರಿತು.
ಬಾಣ ತೋರಿಸಿದ ಕಡೆ ಒಂದು ದಿನ ತಿರುಗಿದವನಲ್ಲ.
'ನನ್ನ ರೂಟು ನೇರ ಇತ್ತು ಅಮ್ಮಣ್ಣಿ,
ದೇವರಿಗೆ ಅಂತ ತಿರುಗಿಸಿದ್ರೆ ಮೆಮೋ ಕೊಡೋರು.'

ಆವಣಿಯಲ್ಲಿ ಒಂದೇ ಪೌಳಿಯೊಳಗೆ
ರಾಮನ ಲಿಂಗ ಒಂದು ಗುಡಿ, ಲಕ್ಷ್ಮಣನದು ಒಂದು,
ಭರತನದು, ಶತ್ರುಘ್ನನದು ಬೇರೆ ಬೇರೆ.
'ಇವರ ಮನೇನೂ ಪಾಲಾಗೈತೆ ನೋಡು' ಅಂದಳು ಅಮ್ಮ,
'ಬಾಗಿಲು ನಾಕು, ಅಂಗಳ ಒಂದು. ಜಗಳ ಕಸಕ್ಕೇ ಇರಬೇಕು.'
ಬೆಟ್ಟದ ಮೇಲಿನ ಸೀತೆಯವರೆಗೆ ಅವಳ ಮಂಡಿ ಒಪ್ಪಲಿಲ್ಲ.
ಕೆಳಗೇ ನಿಂತು ಮೂರು ಕಲ್ಲು ಒಂದರ ಮೇಲೊಂದಿಟ್ಟಳು.
ಏನು ಕೇಳಿಕೊಂಡೆ ಅಂದರೆ, 'ಹೇಳಿದ್ರೆ ಬೀಳ್ತದೆ.'

ಮುಳಬಾಗಿಲಲ್ಲಿ ದೋಸೆ. ತುಪ್ಪ ಅಂಗೈ ಬಿಡಲೇ ಇಲ್ಲ.
ಆಮೇಲೆ ಕುರುಡುಮಲೆಯ ಬಾಣ ಎಡಕ್ಕೆ ಕರೆದಾಗ
ನಾನು ಇಂಡಿಕೇಟರ್ ಹಾಕಿದೆ.
'ನೇರ ಬಿಡು' ಅಂದ. 'ಇನ್ನೊಂದೇ ಸ್ಟಾಪು.'

ನಂಗಲಿಯ ಕಡೆ, ಹೆದ್ದಾರಿ ಅಗಲವಾಗಿ
ಹಳೇ ರಸ್ತೆ ಪಕ್ಕದ ಗಲ್ಲಿಯಾಗಿ ಉಳಿದಲ್ಲಿ
ಒಂದು ಹೊಂಗೆಮರ. ಬುಡದಲ್ಲಿ ಕಲ್ಲುಚಪ್ಪಡಿ. ಬೋರ್ಡಿಲ್ಲ.
'ಇಲ್ಲೇನಪ್ಪಾ?'
'ಏನಿಲ್ಲ. ಇಲ್ಲಿ ಕೈ ಅಡ್ಡ ಹಾಕೋರು.'
ಇಳಿದ. ಬಾಗಿಲು ಹಾಕಿ ಕಿಟಕಿಗೆ ಬಗ್ಗಿ,
'ಮುಂದೆ ಹೋಗಿ ತಿರುಗಿಸ್ಕೊಂಡು ಬಾ. ನಾನು ನಿಂತಿರ್ತೀನಿ.'
'ಬಿಸಿಲು ನೆತ್ತಿಗೇರೈತೆ ಇವರಿಗೆ' ಅಂತ ಅಮ್ಮ.

ತಿರುಗಿಸಿಕೊಂಡು ಬಂದೆ.
ದೂರದಿಂದ ಅವನು ಯಾರದೋ ಅಪ್ಪ:
ಬಿಳಿ ಪಂಚೆ, ಕಂಕುಳಲ್ಲಿ ನೀರಿನ ಬಾಟಲಿ,
ಕೈ ಪೂರ್ತಿ ಎತ್ತದೆ ಸೊಂಟದ ಮಟ್ಟಕ್ಕೆ,
ನಿಲ್ಲಿಸುವುದಿಲ್ಲ ಅಂತ ಗೊತ್ತಿದ್ದವರು
ಚಾಚುವ ಹಾಗೆ.

ಇಪ್ಪತ್ತು ಹೆಜ್ಜೆ ಮುಂದೆ ನಿಲ್ಲಿಸಿದೆ.
ಕಾಲು ತಡವಾಯಿತೋ, ಬೇಕಂತಲೇ ತಡಮಾಡಿದೆನೋ
ನನ್ನನ್ನು ಕೇಳಬೇಡಿ.
ಕನ್ನಡಿಯೊಳಗೆ ಪಂಚೆ ಎತ್ತಿ ಓಡಿಬರುತ್ತಿದ್ದಾನೆ
ಕೋಲಾರ ಡಿಪೋದ ಡ್ರೈವರು ಮುನಿಶಾಮಪ್ಪ,
ಚಪ್ಪಲಿ ಒಂದು ಹಿಂದೆ ಉಳಿಯಿತು,
ಹಿಂತಿರುಗಿ ಅದನ್ನು ತರುವಷ್ಟು ನಂಬಿಕೆ ಅವನಿಗಿರಲಿಲ್ಲ.
ಕಾರಿನ ಮೈಗೆ ಎರಡು ಸಲ ಬಡಿದ. ಹತ್ತಿದ.

'ರೈಟ್, ರೈಟ್!' ಚಿರಂತ್ ಕೂಗಿದ.
ಯಾರೂ ನಗಲಿಲ್ಲ. ಚಪ್ಪಲಿ ನಾನು ತಂದುಕೊಟ್ಟೆ.
ಏದುಸಿರು ಕೂರುವವರೆಗೆ ಗೇರು ಹಾಕಲಿಲ್ಲ.
'ಒಂದಾಳು ನಿಂತಿತ್ತು, ಮಗು ಎತ್ಕೊಂಡು'
ಅಂತ ಶುರು ಮಾಡಿದವನು ಅಲ್ಲಿಗೇ ಬಿಟ್ಟ.
ಯಾವಾಗ ಎಂದು ಅಮ್ಮ ಕೇಳಲಿಲ್ಲ.

ಕುರುಡುಮಲೆ ಇನ್ನೊಮ್ಮೆ ಅಂದುಕೊಂಡು ಮರಳಿದೆವು.
ಕೋಲಾರ ಮುಟ್ಟುವವರೆಗೂ
ನೆರಳಿದ್ದ ಮರ ಬಂದಾಗೆಲ್ಲ, ಜನ ಇರಲಿ ಬಿಡಲಿ,
ನನ್ನ ಸೀಟಿನ ಹಿಂದೆ
ಅಪ್ಪನ ಬಲಗಾಲು ಒತ್ತುತ್ತಿತ್ತು.