ಸೆಕೆಂಡಿಗೆ ಹತ್ತು

ಹುಚ್ಚರಾಯಪ್ಪನ ತಲೆಗೆ
ಇಪ್ಪತ್ತೊಂದು ತಂತಿ ಅಂಟಿಸಿದ್ದೇನೆ.
ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಗ್ರೀಸು
ಇನ್ನೂ ಕಿವಿಯ ಹಿಂದಿದೆ.

“ಕಣ್ಣು ಮುಚ್ಚಿ” ಅಂದೆ.
ಮುಚ್ಚಿದರೆ ಯಾರಿಗಾದರೂ ಒಂದು ಅಲೆ ಬರುತ್ತದೆ,
ಸೆಕೆಂಡಿಗೆ ಹತ್ತು,
ಕೆಲಸ ಮುಗಿಸಿ ಶಟರ್ ಎಳೆದ ಹಾಗೆ.
ಈತನಿಗೂ ಬಂತು. ಅರ್ಧಕ್ಕೇ ಸಿಕ್ಕಿಕೊಂಡಿತು.

ಬೆರಳ ಗೆಣ್ಣುಗಳು ಊದಿ ಕಾದಿವೆ.
ಹೊದಿಕೆಯ ಅಂಚು ತಾಗಿತು, ಅಷ್ಟೆ:
ಪರದೆ ತುಂಬ ಸಣ್ಣ ಸಣ್ಣ ಹಲ್ಲು,
ಹ್ಯಾಕ್ಸಾ ಬ್ಲೇಡಿನಂಥವು.
ಮಿದುಳಿನವೋ, ಕಚ್ಚಿ ಹಿಡಿದ ದವಡೆಯವೋ,
ಆಣೆ ಮಾಡಿ ಹೇಳಲಾರೆ.

“ಇದರಲ್ಲಿ ನೋವು ಯಾವುದು, ಮೇಡಂ?”

ಬೆರಳಿಟ್ಟು ತೋರಿಸಲು ನನಗಾಗಲಿಲ್ಲ.
ಹಾಳೆ ಮಡಿಸಲು ಅವನಿಗಾಗಲಿಲ್ಲ;
ನಾನೇ ಮಡಿಸಿ ಜೇಬಿಗಿಟ್ಟೆ.
ನಾಳೆ ಗ್ಯಾರೇಜಿನ ಸಾಹುಕಾರನಿಗೆ ತೋರಿಸುತ್ತಾನಂತೆ,
ರಜೆಗೆ ನೆವ ಅಂದಿದ್ದನಲ್ಲ,
ಅವನಿಗೆ.